ನಮ್ಮ ಮನೆಯ ನೈಸು

ಚಳ್ಳಕೆರೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಅಷ್ಟೂ ವರ್ಷ, ಮಕ್ಕಳ ಪ್ರಬಂಧಗಳಲ್ಲಿ ನನ್ನ ಕೆಂಪು ಶಾಯಿಗೆ ಹೆಚ್ಚಾಗಿ ಬಲಿಯಾದ ಪದ ‘ನೈಸ್’. ನಮ್ಮೂರು ನೈಸ್, ನಮ್ಮ ಹಸು ನೈಸ್, ಪ್ರವಾಸ ನೈಸ್, ಪ್ರವಾಸದಲ್ಲಿ ತಿಂದ ಪುಳಿಯೋಗರೆಯೂ ನೈಸ್. ಒಂದು ಹಾಳೆಯಲ್ಲಿ ಇಷ್ಟು ಸಲ ಕಂಡರೆ ನನಗೆ ರೇಗಿಹೋಗುತ್ತಿತ್ತು. ಏನು ನೈಸು, ಹೇಗೆ ನೈಸು, ಬಿಡಿಸಿ ಬರೆಯಿರಿ ಎಂದು ಗದರುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಬಹಳ ವಿನಯದಿಂದಲೇ ಹೇಳಿದಳು:

“ಮಿಸ್, ನೈಸ್ ಅಂದ್ರೆ ನೈಸ್ ರೀ ಮಿಸ್. ಅದನ್ನ ಬಿಡಿಸಾಕೆ ಏನೈತ್ರಿ?”

ತರಗತಿ ನಕ್ಕಿತು. ನಾನೂ ನಕ್ಕುಬಿಟ್ಟೆ, ಯಾಕೆಂದರೆ ನಮ್ಮವ್ವನನ್ನು ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತು. ಆ ಪದವನ್ನು ನಾನು ಇಂಗ್ಲಿಷಿನಿಂದ ಕಲಿತವಳಲ್ಲ. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ, ಅಕ್ಷರ ಕಲಿಯುವ ಮೊದಲೇ, ಉಪ್ಪು ಹುಣಸೆಹಣ್ಣಿನ ಜೊತೆಗೆ ಕಲಿತೆ. ಅವ್ವ ಒರಳಿನ ಮುಂದೆ ನನ್ನನ್ನು ಕೂರಿಸಿ, ‘ನೈಸಾಗಿ ರುಬ್ಬು, ತರಿತರಿ ಬಿಟ್ಟೀಯಾ’ ಎನ್ನುತ್ತಿದ್ದಳು. ರೇಷ್ಮೆ ನೂಲನ್ನು ಎರಡು ಬೆರಳ ನಡುವೆ ಎಳೆದು, ಈ ಸಲದ್ದು ನೈಸೈತೆ, ಹೋದ ಸಲದ್ದು ಒರಟು ಎನ್ನುತ್ತಿದ್ದಳು. ಪಾತ್ರೆ ಮಾರುವವನು ಬಂದು ಹಳೆ ಸೀರೆಗೆ ತೂತಿನ ಬೋಗುಣಿ ಕೊಟ್ಟು ಹೋದಮೇಲೆ, ‘ಎಷ್ಟು ನೈಸಾಗಿ ಮಾತಾಡಿ ಟೋಪಿ ಹಾಕ್ದ ನೋಡು’ ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಹಿಟ್ಟು, ನೂಲು, ಮೋಸ ಮೂರಕ್ಕೂ ಒಂದೇ ಪದ. ಕೈಗಾಗಲಿ ಕಿವಿಗಾಗಲಿ ಎಲ್ಲೂ ತಡೆಯದೆ ಜಾರಿಕೊಂಡು ಹೋಗುವುದು ನೈಸು, ಅಷ್ಟೇ. ಅದು ಬೇರೆ ದೇಶದ ಮಾತಿರಬಹುದು ಎಂಬ ಅನುಮಾನ ನಮ್ಮ ಬೀದಿಯಲ್ಲಿ ಯಾರಿಗೂ ಬಂದಂತಿರಲಿಲ್ಲ.

ನಮ್ಮದು ತೆಲುಗು ಮಾತಾಡುವ ನೇಕಾರರ ಮನೆ. ಅಪ್ಪನನ್ನು ನಾಯ್ನ ಎನ್ನುತ್ತಿದ್ದೆ. ತೆಲುಗಿನ ಲೆಕ್ಕದಲ್ಲಿ ಅವ್ವ ಎಂದರೆ ಅಜ್ಜಿಯಾದರೂ, ಬೀದಿಯ ಕನ್ನಡದ ಮಕ್ಕಳ ಜೊತೆ ಆಡಿ ಬೆಳೆದ ನಾನು ಅಮ್ಮನನ್ನೇ ಅವ್ವ ಮಾಡಿಬಿಟ್ಟಿದ್ದೆ. ‘ನನ್ನ ಈಗ್ಲೇ ಮುದುಕಿ ಮಾಡ್ತಾಳೆ’ ಎಂದು ಮೊದಮೊದಲು ಮುನಿಸಿಕೊಂಡವಳು ಆಮೇಲೆ ಅದಕ್ಕೇ ಓಗೊಡುತ್ತಿದ್ದಳು. ಮನೆಗೆ ಇದ್ದದ್ದು ಮೂರು ಭಾಗ. ಮುಂದೆ ಕಲ್ಲುಚಪ್ಪಡಿಯ ಜಗುಲಿ, ನಡುವೆ ಮಗ್ಗದ ಕೋಣೆ, ಹಿಂದೆ ಅಡಿಗೆಮನೆ. ನಡುಕೋಣೆಯೇ ದೊಡ್ಡದು. ನಮಗೆ ಮಲಗಲು ಜಾಗವಿಲ್ಲದಿದ್ದರೂ ಮಗ್ಗಕ್ಕೆ ಜಾಗವಿತ್ತು. ಅದು ಗುಣಿ ಮಗ್ಗ. ನೆಲದಲ್ಲಿ ಸೊಂಟದ ಆಳಕ್ಕೆ ತೋಡಿದ ಗುಣಿ, ಅದರ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ನಾಯ್ನ ತುಳಿಯುತ್ತಿದ್ದರು. ಎಡದಿಂದ ಬಲಕ್ಕೆ ಲಾಳಿ, ಆಮೇಲೆ ಆ ಎಳೆಯನ್ನು ಬಿಗಿ ಮಾಡುವ ಹಲಗೆಯ ಬಡಿತ, ಮತ್ತೆ ಬಲದಿಂದ ಎಡಕ್ಕೆ ಲಾಳಿ. ಬೇಸಿಗೆಯಲ್ಲಿ ಊರ ಸುತ್ತಲಿನ ಬಂಡೆಗಳೆಲ್ಲ ಕಾದು ಮನೆಯೊಳಗೆ ಬೆಂಕಿಯಾಡಿದಾಗ, ನಾಯ್ನನ ಊಟದ ಹೊತ್ತಿನಲ್ಲಿ ನಾನು ಆ ಗುಣಿಯೊಳಗೆ ಇಳಿದು ಕೂರುತ್ತಿದ್ದೆ. ನಮ್ಮ ಮನೆಯಲ್ಲಿ ತಣ್ಣಗಿದ್ದ ಜಾಗ ಅದೊಂದೇ. ತಲೆಯ ಮೇಲೆ ಹಸಿರೋ ಕೆಂಪೋ ರೇಷ್ಮೆ ಎಳೆಗಳ ಹಾಸು ಉದ್ದಕ್ಕೆ ಬಿಗಿದು ನಿಂತಿರುತ್ತಿತ್ತು. ಅದರೊಳಗಿಂದ ಸೋಸಿ ಬರುವ ಬೆಳಕಿನಲ್ಲಿ ನನ್ನ ಅಂಗೈಯ ಬಣ್ಣವೂ ಬದಲಾಗುತ್ತಿತ್ತು. ಅಷ್ಟು ಸುಖವಾದ ಜಾಗದಲ್ಲಿ ನಾನು ಮತ್ತೆಂದೂ ಕೂತಿಲ್ಲ.

ಅವ್ವ ಮಾತ್ರ ಆ ಗುಣಿಗೆ ಇಳಿಯುತ್ತಿರಲಿಲ್ಲ. ನೂಲು ಬಿಡಿಸುವುದು, ಲಾಳಿಯೊಳಗಿನ ಕಂಡಿಕೆಗೆ ರಾಟೆಯಲ್ಲಿ ನೂಲು ಸುತ್ತುವುದು, ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಬೂದಿ ಮುಟ್ಟಿದ ಬೆರಳಿನಲ್ಲಿ ಒಂದೊಂದಾಗಿ ಹೊಸೆದು ಕೂಡಿಸುವುದು, ತುಂಡಾದ ಎಳೆ ಹುಡುಕಿ ಗಂಟು ಹಾಕುವುದು ಎಲ್ಲ ಅವಳದೇ. ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಆಗ ಹಾಗೇ ಇತ್ತು. ಮಗ್ಗದ ಸುತ್ತ ಹೆಂಗಸರು, ಮಗ್ಗದಲ್ಲಿ ಗಂಡಸರು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವ್ವನಿಗೆ ನೇಯಲು ಬರುತ್ತಿತ್ತು ಎಂಬುದೂ ನಮಗೆ ಗೊತ್ತಿರಲಿಲ್ಲ. ಗಡಿಯಾಚೆಯ ಅವಳ ತವರಿನಲ್ಲಿ ಗಂಡುಮಕ್ಕಳಿರಲಿಲ್ಲವೆಂದು ತಾತ ಬಾಗಿಲು ಹಾಕಿಕೊಂಡು ಕಲಿಸಿದ್ದರಂತೆ. ಮದುವೆಯಾಗಿ ಬಂದಮೇಲೆ ಅವಳು ಆ ಮಾತೇ ಎತ್ತಿರಲಿಲ್ಲ.

ಈ ಮನೆಯಲ್ಲಿ ನೈಸು ಎಂಬ ಮಾತಿಗೆ ಇನ್ನೊಂದು ಬಳಕೆಯಿತ್ತು, ಅದೇ ಎಲ್ಲಕ್ಕಿಂತ ದೊಡ್ಡದು. ನಮಗೆ ರೇಷ್ಮೆ ಕೊಟ್ಟು ಸೀರೆ ಕೊಳ್ಳುತ್ತಿದ್ದವರು ಚಳ್ಳಕೆರೆಯ ಒಬ್ಬ ಸಾವ್ಕಾರರು. ಶೇಂಗಾ ವ್ಯಾಪಾರವೂ ಇತ್ತು, ಸೀರೆ ವ್ಯಾಪಾರವೂ ಇತ್ತು. ಹಣೆಯ ಮೇಲೆ ಮೂರೆಳೆ ವಿಭೂತಿ, ಹೆಗಲ ಮೇಲೆ ಬಿಳಿ ಟವೆಲು. ಸೀರೆ ಮುಗಿದ ವಾರ ಅವರು ಬಸ್ಸಿಳಿದು ಬರುವ ದಿನ ನಮ್ಮ ಮನೆಯಲ್ಲಿ ಹಬ್ಬಕ್ಕಿಂತ ಹೆಚ್ಚು ಗಡಿಬಿಡಿ. ಜಗುಲಿ ಸಾರಿಸಬೇಕು, ಹೊಸ ಚಾಪೆ ಹಾಸಬೇಕು, ಮಜ್ಜಿಗೆಗೆ ಕರಿಬೇವು ಜಜ್ಜಿ ಹಾಕಬೇಕು. ಸಾವ್ಕಾರರು ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಕೈ ತೊಳೆದು, ಆ ಟವೆಲಿನಲ್ಲಿ ಬೆರಳ ಸಂದಿಗಳನ್ನೂ ಒರೆಸುತ್ತಿದ್ದರು. ಆಮೇಲೆ ಸೀರೆಯನ್ನು ಮೊಣಕಾಲ ಮೇಲೆ ಹರವಿ, ಕಣ್ಣು ಮುಚ್ಚಿ, ಬಲಗೈಯ ಹಿಂಬದಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಎಳೆಯುತ್ತಿದ್ದರು. ಅಂಗೈ ಒರಟಾಗಿರುತ್ತದೆ, ರೇಷ್ಮೆ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಕೈಯ ಹಿಂಬದಿ. ನಾಯ್ನ ಕಂಬಕ್ಕೆ ಒರಗಿ ನಿಂತು ಎತ್ತಲೋ ನೋಡುತ್ತಿದ್ದರು. ಅವ್ವ ಬಾಗಿಲ ಹಿಂದೆ. ನಾನು ಅವ್ವನ ಸೆರಗಿನ ಹಿಂದೆ. ಕೈ ತುದಿ ಮುಟ್ಟಿದಮೇಲೆ ಸಾವ್ಕಾರರು ಕಣ್ಣು ತೆರೆದು ಒಂದೇ ಮಾತು ಹೇಳುತ್ತಿದ್ದರು:

“ನೈಸು.”

ಬಾಗಿಲ ಹಿಂದಿನ ಅವ್ವ ಆ ಮಾತು ಕೇಳಿದ ಕೂಡಲೇ ಉಸಿರು ಬಿಟ್ಟು ಅಡಿಗೆಮನೆಗೆ ಹೋಗುತ್ತಿದ್ದಳು. ಅವತ್ತು ಶೇಂಗಾ ಹೋಳಿಗೆ ಖಾತ್ರಿ. ನನ್ನ ಮಟ್ಟಿಗೆ ನೈಸು ಎಂದರೆ ಹುರಿದ ಶೇಂಗಾದ ವಾಸನೆ, ಕರಗುವ ಬೆಲ್ಲ, ಕಾದ ಹಂಚಿನ ಮೇಲೆ ಸುರಿವ ತುಪ್ಪ. ಆ ಮಾತು ಬಾರದ ದಿನ ಸಾವ್ಕಾರರು ‘ಹೂಂ’ ಎನ್ನುತ್ತಿದ್ದರು. ಅವತ್ತು ಮುದ್ದೆ, ಉಪ್ಪುಸಾರು, ಮತ್ತು ಮೂರು ಜನರ ಮೌನ. ನಾಯ್ನ ತಾವಾಗಿ ಆ ಪದ ಬಳಸುತ್ತಿರಲಿಲ್ಲ. ಅದು ಸಾವ್ಕಾರರ ಮಾತು, ಅವರ ಬಾಯಲ್ಲೇ ಇರಬೇಕು ಎಂಬಂತೆ. ನಾಯ್ನನ ಬಾಯಲ್ಲಿ ಹೊಗಳಿಕೆ ಬಂದರೆ ಅದು ತೆಲುಗಿನ ‘ಪರವಾಲೇದು’, ಅಂದರೆ ಅಡ್ಡಿಯಿಲ್ಲ. ಅವ್ವ ಮಾಡಿದ ಹೋಳಿಗೆಗೂ ಪರವಾಲೇದು, ನಾನು ಪಾಸಾದದ್ದಕ್ಕೂ ಪರವಾಲೇದು, ಮಳೆ ಬಂದರೂ ಪರವಾಲೇದು.

“ನಿಮ್ಮ ನಾಯ್ನಗೆ ಬಾಯಾಗಿನ ಮಾತು ಖರ್ಚಾಗಿ ಹೋಗ್ತವೆ ಅಂತ ಭಯ” ಎಂದು ಅವ್ವ ಅವರಿಗೆ ಕೇಳುವಂತೆಯೇ ನನಗೆ ಹೇಳುತ್ತಿದ್ದಳು.

ಶಾಲೆಯಲ್ಲಿ ಇಂಗ್ಲಿಷ್ ಶುರುವಾದ ವರ್ಷ, ಪುಸ್ತಕದ ಒಂದು ಪಾಠದಲ್ಲಿ ಚೆಂಡು ಹಿಡಿದ ಹುಡುಗನ ಚಿತ್ರದ ಕೆಳಗೆ ಆ ಪದ ಸಿಕ್ಕಿತು. ಮೇಷ್ಟ್ರು ಓದಿದರು, ನೈಸ್ ಬಾಲ್. ನನಗೆ ಮೈ ಜುಮ್ಮೆಂದಿತು. ನಮ್ಮ ಮನೆಯ ಸಾಮಾನೊಂದನ್ನು ಯಾರೋ ಕದ್ದು ಪುಸ್ತಕದಲ್ಲಿ ಇಟ್ಟಿದ್ದಾರೆ ಎನ್ನಿಸಿತು. ಸಂಜೆ ಓಡಿಬಂದು ಅವ್ವನಿಗೆ ಪುಸ್ತಕ ತೋರಿಸಿದೆ. ಅವಳು ರಾಟೆ ನಿಲ್ಲಿಸದೆ ಒಮ್ಮೆ ಇಣುಕಿ ನೋಡಿದಳು.

“ಇಂಗ್ಲಿಷ್‌ನೋರೂ ನೈಸು ಅಂತಾರಾ? ಪಾಪ, ನಮ್ಮ ಸೀರೆ ಉಟ್ಟು ಕಲ್ತಿರಬೇಕು ಬಿಡು.”

ನಾನು ಅದನ್ನು ಸಂಪೂರ್ಣ ನಂಬಿದೆ. ಮರುದಿನ ಶಾಲೆಯಲ್ಲಿ ಹೇಳಿ ನಗೆಪಾಟಲಾದೆ ಕೂಡ. ಈಗ ಯೋಚಿಸಿದರೆ ನಾನು ಇಂಗ್ಲಿಷ್ ಮೇಡಮ್ಮಾದದ್ದು ಆ ಒಂದು ಪದದ ದೆಸೆಯಿಂದ. ಪುಸ್ತಕದಲ್ಲಿ ಮನೆಯ ಮಾತು ಇದ್ದಮೇಲೆ ಆ ಪುಸ್ತಕ ಪರರದಲ್ಲ ಎಂಬ ಧೈರ್ಯ ಅವತ್ತೇ ಬಂತು.

ಅದಾದ ಬೇಸಿಗೆಯಲ್ಲೇ ನಾಯ್ನ ಬಿದ್ದರು. ಕೊಂಡ್ಲಹಳ್ಳಿಯ ನೆಂಟರ ಮನೆಯಿಂದ ಸೈಕಲ್ಲಿನಲ್ಲಿ ಬರುವಾಗ ದಾರಿ ತುಂಬ ಕುರಿ ಹಿಂಡು. ಎಲ್ಲ ಕುರಿಗಳೂ ಸರಿದವಂತೆ. ಒಂದು ಮರಿ ಮಾತ್ರ ಸೈಕಲ್ಲಿನ ಗಾಲಿಯನ್ನೇ ತಾಯಿ ಎಂದುಕೊಂಡು ಎದುರಿಗೆ ಬಂತಂತೆ. ಅದನ್ನು ತಪ್ಪಿಸಲು ಹೋಗಿ ನಾಯ್ನ ಕಲ್ಲಿನ ಮೇಲೆ ಬಿದ್ದು ಬಲಭುಜ ಮುರಿದುಕೊಂಡರು. ಮೂಳೆ ಕಟ್ಟುವವರು ಬಿದಿರ ದಬ್ಬೆ ಇಟ್ಟು, ಎಲೆ ಅರೆದು ಹಚ್ಚಿ, ಎದೆಗೆ ಸೇರಿಸಿ ಬಿಗಿದು, ಕೈ ಅಲ್ಲಾಡಿಸಿದರೆ ತಾವು ಜವಾಬ್ದಾರರಲ್ಲ ಎಂದು ಹೇಳಿ ಹೋದರು. ನಾಯ್ನನ ಚಿಂತೆ ಕೈಯದಲ್ಲ. ಮಗ್ಗದ ಮೇಲೆ ಅರ್ಧಕ್ಕಿಂತ ಹೆಚ್ಚು ನೇಯ್ದ ಸೀರೆ ಇತ್ತು. ಎಲೆಹಸಿರು ಮೈ, ಕುಂಕುಮದ ಬಣ್ಣದ ಅಂಚು. ಸಾವ್ಕಾರರ ತಂಗಿಯ ಮಗಳ ಧಾರೆಗೆಂದು ಹೇಳಿ ನೇಯಿಸುತ್ತಿದ್ದದ್ದು. ಸೀರೆ ಮುಹೂರ್ತಕ್ಕೆ ಸಿಗದಿದ್ದರೆ ಸಾವ್ಕಾರರು ಮುಂದಿನ ರೇಷ್ಮೆಯನ್ನು ಬೇರೆ ಮನೆಗೆ ಕೊಡುತ್ತಿದ್ದರು, ಅದರಲ್ಲಿ ಅನುಮಾನವಿರಲಿಲ್ಲ. ನೂಲಿಲ್ಲದೆ ಬರಿದಾದ ಮಗ್ಗ ಮತ್ತೆ ತುಂಬುವುದು ಸುಲಭವಲ್ಲ. ಪಕ್ಕದ ಮನೆಯ ದೊಡ್ಡಪ್ಪನನ್ನು ಕರೆಸಿ ಮುಗಿಸೋಣ ಎಂದರೆ ಅದಕ್ಕೂ ದಾರಿಯಿಲ್ಲ. ನಮ್ಮ ಬೀದಿಯ ಕಟ್ಟುಪಾಡೇ ಅದು, ಒಂದು ಸೀರೆಗೆ ಒಂದೇ ಕೈ. ಹಲಗೆ ಬಡಿಯುವ ಜೋರು ಒಬ್ಬೊಬ್ಬರದು ಒಂದೊಂದು. ನಡುವೆ ಕೈ ಬದಲಾದರೆ ಅಲ್ಲೊಂದು ಗೆರೆ ಬೀಳುತ್ತದೆ. ಕಣ್ಣಿಗೆ ಕಾಣದಿದ್ದರೂ ಮುಟ್ಟುವವರಿಗೆ ಸಿಗುತ್ತದೆ. ನೇಕಾರ ಕಾಯಿಲೆ ಬಿದ್ದರೆ ಸೀರೆಯೂ ಅವನ ಜೊತೆ ಮಲಗಬೇಕು.

ಊಟದ ಹೊತ್ತಿನಲ್ಲಿ, ಎಡಗೈಯಲ್ಲಿ ಮುದ್ದೆ ಮುರಿಯಲು ಒದ್ದಾಡುತ್ತಿದ್ದ ನಾಯ್ನನ ತಟ್ಟೆಗೆ ಅವ್ವ ಸಾರು ಹಾಕಿ, ಏನೋ ಉಪ್ಪು ಸಾಕಾ ಎಂದು ಕೇಳುವ ಧ್ವನಿಯಲ್ಲಿ ಹೇಳಿದಳು:

“ನಾನು ಕೂಕಂತೀನಿ.”

“ಎಲ್ಲಿ?”

“ಮಗ್ಗದಾಗೆ.”

ನಾಯ್ನ ನಕ್ಕರು. ಅವ್ವ ನಗಲಿಲ್ಲ.

“ನಗಬ್ಯಾಡ್ರಿ. ನಮ್ಮಪ್ಪ ನಂಗೆ ಕಲಿಸ್ಯಾನೆ. ನಮ್ಮ ಮನ್ಯಾಗೆ ಜರಿ ಸೆರಗಿನ ಸೀರೆ ನೇಯ್ದಿದೀನಿ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಇಷ್ಟು ವರ್ಷ ನೀವು ಕೇಳಿದ್ರಾ?”

ನಾಯ್ನ ತಟ್ಟೆ ದೂಡಿದರು. ಹೆಂಗಸು ಗುಣಿಗಿಳಿದರೆ ಬೀದಿಯವರು ಏನೆನ್ನುತ್ತಾರೆ, ಎರಡು ಕೈ ಬಿದ್ದ ಸೀರೆಯನ್ನು ಸಾವ್ಕಾರರು ಮುಖಕ್ಕೆ ಎಸೆಯುತ್ತಾರೆ, ತಮ್ಮ ಹೆಸರು ಮಣ್ಣಾಗುತ್ತದೆ ಎಂದೆಲ್ಲ ಕೂಗಾಡಿದರು. ಅವ್ವನೂ ಬಿಡಲಿಲ್ಲ.

“ನೇಯದಿದ್ರೂ ಹೋಗ್ತೈತೆ, ನೇಯ್ದ್ರೂ ಹೋಗ್ತೈತೆ ಅಂದ್ಮ್ಯಾಗೆ ನೇಯ್ದೇ ಹೋಗ್ಲಿ ಬಿಡ್ರಿ. ಹೆಸರು ಇಟ್ಕಂಡು ಮಗ್ಗ ಕಳ್ಕಂತೀರಾ?”

ಅವತ್ತು ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ನಾಯ್ನ ಯಾರ ಮುಖವನ್ನೂ ನೋಡದೆ ಬೀದಿ ಬಾಗಿಲು ಹಾಕಿ, ಒಂದು ಮಣೆ ತಂದು ಗುಣಿಯ ಪಕ್ಕ ಹಾಕಿಕೊಂಡು ಕೂತರು. ಅವ್ವ ತಲೆಗೆ ನೀರು ಹಾಕಿಕೊಂಡು ಬಂದು, ಮಗ್ಗಕ್ಕೆ ಕುಂಕುಮ ಇಟ್ಟು, ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ ಗುಣಿಗೆ ಇಳಿದಳು. ನನಗೆ ಅವಳ ಪಾದಗಳು ಕತ್ತಲೆಗೆ ಇಳಿದದ್ದು ಈಗಲೂ ಕಾಣುತ್ತದೆ. ಮೊದಲ ಲಾಳಿ ಆ ಬದಿಗೆ ಸೇರುವವರೆಗೆ ಮೂವರೂ ಉಸಿರು ಹಿಡಿದಿದ್ದೆವು.

ಆಮೇಲಿನದು ಬರೀ ಬೈಗುಳ. ‘ಬಿಗಿ’, ‘ಇನ್ನೂ ಬಿಗಿ’, ‘ಹಲಗೆನ ಮುದ್ದು ಮಾಡ್ತೀಯಾ’, ‘ಬಡಿ’. ನಾಯ್ನ ತಮ್ಮ ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕಿ ತಮ್ಮ ಬಡಿತವನ್ನು ಅವಳಿಗೆ ಒಪ್ಪಿಸುತ್ತಿದ್ದರು. ಅವ್ವ ಹಲ್ಲು ಕಚ್ಚಿ ಬಡಿಯುತ್ತಿದ್ದಳು. ಬೀದಿಯಲ್ಲಿ ಪ್ರತಿ ಮಗ್ಗದ ಸದ್ದೂ ಪ್ರತಿ ಮನೆಗೂ ಗೊತ್ತು. ಬಾಗಿಲು ಹಾಕಿದರೆ ಸದ್ದು ನಿಲ್ಲುತ್ತದೆಯೇ? ಪಕ್ಕದ ಮನೆಯ ದೊಡ್ಡಪ್ಪ ಗೋಡೆಯಾಚೆಯಿಂದಲೇ ಕೇಳಿದರು:

“ಏನಪ್ಪಾ, ಭುಜ ನೆಟ್ಟಗಾತಾ? ಬಡಿತ ಯಾಕೋ ಬ್ಯಾರೆ ಕೇಳ್ತೈತಲ್ಲ?”

“ಒಂದೇ ಕೈಯಾಗೆ ನೇಯ್ತಿದೀನಿ ಕಣಣ್ಣಾ” ಎಂದರು ನಾಯ್ನ.

“ಒಂದೇ ಕೈಯಾಗಾ? ಭಲೇ! ಇಷ್ಟು ದಿನ ಇನ್ನೊಂದು ಕೈ ಸುಮ್ನೆ ದಂಡ ಆಗಿತ್ತಲ್ಲಪ್ಪಾ” ಎಂದರು ದೊಡ್ಡಪ್ಪ.

ಅವ್ವ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕಿದ್ದಕ್ಕೂ ಬೈಸಿಕೊಂಡಳು. ದಿನ ಕಳೆದಂತೆ ಬೈಗುಳ ಕಡಿಮೆಯಾಯಿತು. ಒಂದು ಮಧ್ಯಾಹ್ನ ನಾನು ಅಂಗಡಿಯಿಂದ ಬಂದಾಗ ಮಗ್ಗ ನಡೆಯುತ್ತಿತ್ತು, ನಾಯ್ನನ ದನಿ ಮಾತ್ರ ಇರಲಿಲ್ಲ. ನಿದ್ದೆ ಹೋಗಿರಬೇಕೆಂದು ಇಣುಕಿದೆ. ಅವರು ಎಚ್ಚರವಾಗಿಯೇ ಇದ್ದರು. ತೊಡೆಯ ಮೇಲಿನ ತಾಳವೂ ನಿಂತಿತ್ತು. ಅವ್ವ ಈಗ ಅವರ ಬಡಿತ ಬಡಿಯುತ್ತಿರಲಿಲ್ಲ. ಸ್ವಲ್ಪ ಹಗುರಾದ, ಎಲ್ಲೂ ತಪ್ಪದ, ತನ್ನದೇ ಬಡಿತಕ್ಕೆ ಬಂದಿದ್ದಳು. ನಾಯ್ನ ಅದನ್ನು ತಿದ್ದಬಹುದಿತ್ತು. ತಿದ್ದದೆ ನೋಡುತ್ತ ಕೂತಿದ್ದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಅದನ್ನು ಏನೆಂದು ಕರೆಯಬೇಕೋ ನನಗೆ ಆಗ ಗೊತ್ತಾಗಲಿಲ್ಲ.

ಸೆರಗು ಮುಗಿಯಿತು. ಸೀರೆ ಮಗ್ಗದಿಂದ ಇಳಿಯಿತು. ಹೇಳಿದ ದಿನವೇ ಸಾವ್ಕಾರರು ಬಂದರು. ನಾಯ್ನನ ಕಟ್ಟಿದ ಭುಜ ನೋಡಿ ‘ಅಯ್ಯಯ್ಯೋ, ಏನಪ್ಪಾ ಇದು’ ಎಂದು ಮರುಗಿದರು. ಮಜ್ಜಿಗೆ ಕುಡಿದರು. ಕೈ ತೊಳೆದು ಒರೆಸಿಕೊಂಡರು. ಬಾಗಿಲ ಹಿಂದೆ ಅವ್ವನ ಕೈ ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಉಗುರು ಚುಚ್ಚುತ್ತಿತ್ತು. ಸಾವ್ಕಾರರು ಕಣ್ಣು ಮುಚ್ಚಿದರು. ಕೈ ಹೊರಟಿತು. ಹಸಿರು ಮೈಯ ಮೇಲೆ ಮೆಲ್ಲಗೆ, ಎಂದಿನಂತೆಯೇ ಸಾಗಿ, ಒಂದು ಕಡೆ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂದು ಅಲ್ಲೇ ನಿಂತಿತು. ಅವರು ಕಣ್ಣು ತೆರೆದರು.

“ಇದ್ರಾಗೆ ಎರಡು ಕೈ ಐತಲ್ಲಪ್ಪಾ.”

ನಾಯ್ನ ಬಾಯಿ ತೆರೆಯುವ ಮೊದಲೇ ಅವ್ವ ಬಾಗಿಲು ದಾಟಿ ಜಗುಲಿಗೆ ಬಂದಿದ್ದಳು. ಸಾವ್ಕಾರರ ಎದುರಿಗೆ ಅವಳು ಹಾಗೆ ಬಂದು ನಿಂತದ್ದು ಅದೇ ಮೊದಲು.

“ಆ ಇನ್ನೊಂದು ಕೈ ನಂದ್ರಿ” ಎಂದಳು.

ಸಾವ್ಕಾರರು ಅವಳನ್ನು ನೋಡಿದರು, ಸೀರೆಯನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

“ಯಾವ ಕಡೇದು ತಾಯೀ ನಿಂದು?”

“ಸೆರಗಿನ ಕಡೇದು.”

ಅವರು ಸೀರೆಯನ್ನು ನಿಧಾನವಾಗಿ, ಹಳೆಯ ಮಡಿಕೆಯಲ್ಲೇ ಮಡಿಚಿ ಚಾಪೆಯ ಮೇಲಿಟ್ಟರು.

“ಕೆಟ್ಟೈತೆ ಅಂತ ನಾನು ಅನ್ನಲ್ಲ. ಆದ್ರೆ ಧಾರೆ ಸೀರೆ ಇದು. ಎರಡು ಕೈದನ್ನ ನೈಸು ಅಂತ ಹೇಳಿ ಆ ಹುಡುಗಿಗೆ ಉಡ್ಸಾಕೆ ನಂಗೆ ಬಾಯಿ ಬರಲ್ಲ. ಇದು ನಿಮ್ಮ ಮನ್ಯಾಗೇ ಇರ್ಲಿ.”

ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು. ಮುಗಿಯಿತು ಎಂದುಕೊಂಡೆ. ನನ್ನ ಕಣ್ಣಿಗೆ ನೂಲಿಲ್ಲದ ಮಗ್ಗ, ನನ್ನ ಹಸಿರು ಬೆಳಕಿಲ್ಲದ ಗುಣಿ ಕಾಣಿಸಿ ಅಳು ಬಂತು. ಮೆಟ್ಟಿಲು ಇಳಿದ ಸಾವ್ಕಾರರು ಚಪ್ಪಲಿ ಮೆಟ್ಟುತ್ತ ನಾಯ್ನನ ಕಡೆ ತಿರುಗಿದರು.

“ಮುಂದಿನ ಹಾಸಿನ ರೇಷ್ಮೆ ಕಳಿಸ್ತೀನಿ. ನಿನ್ನ ಭುಜ ವಾಸಿ ಆಗೋಗಂಟ ಕಾಯ್ಬೇಕೋ, ಹೆಂಗೋ? ಒಂದು ಮಾತು ಹೇಳು. ಯಾರದ್ದಾರ ಇರ್ಲಿ, ಒಂದೇ ಕೈ ಇರ್ಬೇಕು.”

ನಾಯ್ನ ಬೀದಿಯತ್ತ ನೋಡಿದರು. ಎದುರು ಮನೆಯ ಜಗುಲಿಯಲ್ಲಿ ಜನ ಸೇರಿದ್ದರು. ಪಕ್ಕದ ಮನೆಯ ದೊಡ್ಡಪ್ಪ ಗೋಡೆಯಾಚೆ ಅಡಗುವುದನ್ನು ಬಿಟ್ಟು ಬೀದಿಗೇ ಬಂದು ನಿಂತಿದ್ದರು. ಒಬ್ಬರಿಗೂ ಕೇಳದೆ ಹೋಗಬಾರದೆಂಬಂತೆ ನಾಯ್ನ ಗಟ್ಟಿಯಾಗಿ ಹೇಳಿದರು:

“ಕಾಯೋದು ಬ್ಯಾಡ್ರಿ. ಅವಳ ಕೈ.”

ಸಾವ್ಕಾರರು ತಲೆಯಾಡಿಸಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಬೀದಿಯ ಜನ ಕರಗಿದರು. ಜಗುಲಿಯ ಮೇಲೆ ನಾವು ಮೂವರು ಮತ್ತು ಆ ಸೀರೆ. ನಾಯ್ನ ಚಾಪೆಯ ಮೇಲೆ, ಸಾವ್ಕಾರರು ಕೂತಿದ್ದ ಜಾಗದಲ್ಲೇ ಕೂತರು. ಎಡಗೈಯಲ್ಲಿ ಮಡಿಕೆ ಬಿಡಿಸಿದರು. ತಮ್ಮ ಭಾಗವನ್ನು ಮುಟ್ಟಲೂ ಇಲ್ಲ. ಸೆರಗಿನ ಕಡೆಯ ಅವ್ವನ ಭಾಗವನ್ನು ಮೊಣಕಾಲ ಮೇಲೆ ಹರವಿಕೊಂಡು, ಎಡಗೈಯ ಹಿಂಬದಿಯನ್ನು ಅದರ ಮೇಲೆ ಎಳೆದು, ತಲೆಯೆತ್ತದೆ ಹೇಳಿದರು:

“ನೈಸೈತೆ.”

ನಾನು ಅವ್ವನ ಮುಖ ನೋಡಿದೆ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಶೇಂಗಾ ಹುರಿಯುವ ವಾಸನೆ ಬಂತು. ಸೀರೆ ತಿರಸ್ಕಾರವಾದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದು ಅದೊಂದೇ ಸಲ. ನಾಯ್ನ ಎಡಗೈಯಲ್ಲಿ ತಿಂದು ‘ಪರವಾಲೇದು’ ಎಂದರು. ಅವ್ವ ಈ ಸಲ ಕೆಣಕಲಿಲ್ಲ, ಮತ್ತೊಂದು ಹಾಕಿದಳು. ಭುಜ ಕೂಡಿದಮೇಲೂ ನಾಯ್ನನಿಗೆ ಮೊದಲಿನ ಜೋರು ಬರಲಿಲ್ಲ. ಅವರು ರಾಟೆಗೆ ಕೂತರು, ಅವ್ವ ಗುಣಿಯಲ್ಲಿ. ‘ಕಂಡಿಕೆ ನೈಸಾಗಿ ಸುತ್ರಿ, ಗಂಟು ಬರ್ತಾವೆ’ ಎಂದು ಅವಳು ಬೈಯುವುದು, ಅವರು ಗೊಣಗುವುದು. ವರ್ಷದೊಳಗೆ ಬೀದಿಯಲ್ಲಿ ಇನ್ನೆರಡು ಮನೆಗಳ ಬಡಿತ ಬದಲಾಯಿತು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ, ಎಲ್ಲರಿಗೂ ಕೇಳಿಸಿತು. ಆ ಮಗ್ಗದ ಸಂಪಾದನೆಯಲ್ಲೇ ನಾನು ಓದಿದೆ.

ಚಳ್ಳಕೆರೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹುಡುಗರ ನೈಸ್‌ಗಳನ್ನು ಹೊಡೆದು ಬೇಸತ್ತು, ಈ ಪದದ ಹುಟ್ಟಾದರೂ ಏನು ನೋಡೋಣ ಎಂದು ದೊಡ್ಡ ನಿಘಂಟು ತೆಗೆದೆ. ಲ್ಯಾಟಿನ್ನಿನಲ್ಲಿ ಹುಟ್ಟಿದ್ದು. ಅಲ್ಲಿ ಎರಡು ತುಂಡು ಸೇರಿ ಆದ ಮಾತು, ಇಲ್ಲ ಎಂಬುದೊಂದು, ಅರಿ ಎಂಬುದೊಂದು. ಅರಿಯದವನು ಎಂದರ್ಥ. ವಿಜ್ಞಾನಕ್ಕೆ ಇಂಗ್ಲಿಷಿನವರು ಹೇಳುವ ಸೈನ್ಸ್ ಎಂಬ ಪದವೂ ಅದೇ ಅರಿವಿನ ಬೇರಿನದು, ಇದು ಅದರ ಉಲ್ಟಾ. ಫ್ರೆಂಚರ ಮನೆಗೆ ಬಂದಾಗ ಪೆದ್ದ ಎಂದಾಯಿತು. ಇಂಗ್ಲಿಷಿಗೆ ಬಂದಾಗಲೂ ಬಹಳ ಕಾಲ ಬೈಗುಳವೇ. ಆಮೇಲೆ ಶೋಕಿಯವರಿಗೆ ಅಂದರು, ನಾಚಿಕೆಯವರಿಗೆ ಅಂದರು. ಆಮೇಲೆ ಯಾವುದನ್ನೂ ಸುಲಭಕ್ಕೆ ಒಪ್ಪದೆ ಮೂಗು ಮುರಿಯುವವರಿಗೆ, ಅಂಥವರ ಕಣ್ಣಿಗೆ ಬೀಳುವ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ, ಆ ವ್ಯತ್ಯಾಸ ತಿಳಿಯುವ ನವಿರಾದ ಕೆಲಸಕ್ಕೆ. ಕೊನೆಗೆ ಎಲ್ಲ ಸವೆದು, ಚೆನ್ನಾಗಿರುವ ಯಾವುದಕ್ಕೂ ಸಲ್ಲುವ ನಾಣ್ಯವಾಯಿತು. ಓದುತ್ತ ಓದುತ್ತ ನನಗೆ ಪುಸ್ತಕ ಮರೆತು ಜಗುಲಿ ಕಾಣತೊಡಗಿತು. ಮೂಗು ಮುರಿಯುವ ಸಾವ್ಕಾರರು, ಕೂದಲೆಳೆಯಷ್ಟು ಗೆರೆ, ಬಾಗಿಲ ಹಿಂದಿನ ನಾಚಿಕೆ. ಯಾವ ಊರಿನ ಪದವೋ, ನಮ್ಮ ಮನೆಗೆ ಬರುವಾಗ ದಾರಿಯಲ್ಲಿ ಉಟ್ಟು ಬಿಟ್ಟ ಅರ್ಥಗಳನ್ನೆಲ್ಲ ಗಂಟು ಕಟ್ಟಿಕೊಂಡೇ ಬಂದಿತ್ತು.

ಆ ವಾರ ಬಸ್ಸು ಹಿಡಿದು ಊರಿಗೆ ಹೋದವಳು ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳು ಲಾಳಿ ನಿಲ್ಲಿಸಿ ಕೇಳಿದಳು.

“ಅಂದ್ರೆ ಮೊದ್ಲು ನೈಸು ಅಂದ್ರೆ ದಡ್ಡರು ಅಂತಾನಾ?”

“ಹೂಂ ಅವ್ವ. ಏನೂ ಗೊತ್ತಿಲ್ಲದೋರು ಅಂತ.”

“ಅವತ್ತು ನಿಮ್ಮ ನಾಯ್ನ ನಂಗೆ ಅಂದಿದ್ದು ಅದೇ ಇರ್ಬೇಕು ಹಂಗಾದ್ರೆ.”

ರಾಟೆಯ ಮುಂದೆ ಕೂತಿದ್ದ ನಾಯ್ನ ತಲೆಯೆತ್ತದೆ, ‘ನಂಗೆ ನಾನೇ ಅಂದ್ಕಂಡಿದ್ದು’ ಎಂದರು. ಅವ್ವ ಅವರನ್ನೇ ಒಂದು ಗಳಿಗೆ ನೋಡಿ ಮತ್ತೆ ಲಾಳಿ ಎಸೆದಳು.

ನಾಯ್ನ ಹೋಗಿ ಬಹಳ ಕಾಲವಾಯಿತು. ನಾನು ನಿವೃತ್ತಳಾಗಿ ಅವ್ವನ ಜೊತೆ ಇರಲು ಮೊಳಕಾಲ್ಮುರಿಗೇ ಬಂದುಬಿಟ್ಟಿದ್ದೇನೆ. ಅವ್ವನ ಕಣ್ಣು ಮಂಜಾದಮೇಲೆ ಮಗ್ಗವನ್ನು ಬೀದಿಯ ಕೊನೆಯ ಮನೆಯ ಸೊಸೆಗೆ ಕೊಟ್ಟೆವು. ಗುಣಿಯನ್ನು ಮುಚ್ಚಿಸಿ ಕೋಣೆಗೆಲ್ಲ ಟೈಲ್ಸ್ ಹಾಕಿಸಿದಾಗ ಅಂಗಡಿಯಲ್ಲಿ ಒಂದೇ ಬಣ್ಣದ್ದು ಸಾಲದೆ ಹೋಯಿತು. ಗುಣಿಯಿದ್ದ ಚೌಕ ಮಾತ್ರ ಬೇರೆ ಬಣ್ಣವಿದೆ. ಬಣ್ಣ ಕಾಣದಿದ್ದರೂ ಅವ್ವ ಈಗಲೂ ಅದನ್ನು ತುಳಿಯುವುದಿಲ್ಲ, ಸುತ್ತಿ ಹೋಗುತ್ತಾಳೆ. ಆ ಹಸಿರು ಸೀರೆ ನನ್ನ ಹತ್ತಿರವೇ ಇದೆ. ನನ್ನ ಧಾರೆಗೆ ಅದನ್ನೇ ಉಟ್ಟಿದ್ದೆ. ಆಮೇಲೆ ಶಾಲೆಯ ವಾರ್ಷಿಕೋತ್ಸವಕ್ಕೆಲ್ಲ ಉಟ್ಟು ಹೋದಾಗ ನೋಡಿದವರೆಲ್ಲ ಹೇಳುತ್ತಿದ್ದದ್ದು ಅದೊಂದೇ ಪದ. ಅದನ್ನು ಹೊಡೆದು ಹಾಕಲು ಆಗ ನನ್ನ ಕೈಯಲ್ಲಿ ಕೆಂಪು ಪೆನ್ನಿರುತ್ತಿರಲಿಲ್ಲ.

ಮೊನ್ನೆ ಪೆಟ್ಟಿಗೆಯ ಸೀರೆಗಳನ್ನು ಗಾಳಿಗೆ ಹಾಕಿದಾಗ ಇದನ್ನು ಜಗುಲಿಯ ಮೇಲೆ ಹರವಿ, ಸಾವ್ಕಾರರ ಹಾಗೆ ಕಣ್ಣು ಮುಚ್ಚಿ ಕೈಯ ಹಿಂಬದಿಯನ್ನು ಎಳೆದೆ. ಎಷ್ಟೋ ವರ್ಷಗಳಿಂದ ಹೀಗೆ ಎಳೆಯುತ್ತಲೇ ಇದ್ದೇನೆ, ಆ ಗೆರೆ ಒಮ್ಮೆಯೂ ಸಿಕ್ಕಿಲ್ಲ. ಕಂಬಕ್ಕೆ ಒರಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಅವ್ವನಿಗೆ ಹೇಳಿದೆ:

“ಎಲ್ಲಾ ಒಂದೇ ಥರ ನೈಸೈತೆ ಕಣವ್ವಾ. ಸಾವ್ಕಾರರಿಗೆ ಅವತ್ತು ಭ್ರಮೆ.”

“ಬಾ ಇಲ್ಲಿ” ಎಂದಳು.

ಸೀರೆಯನ್ನು ಅವಳ ತೊಡೆಯ ಮೇಲೆ ಹಾಕಿದೆ. ಅವಳಿಗೆ ಹಸಿರೂ ಕಾಣುವುದಿಲ್ಲ, ಕೆಂಪೂ ಕಾಣುವುದಿಲ್ಲ. ನನ್ನ ಕೈಯನ್ನು ಮಗುವಿನ ಕೈ ಹಿಡಿದಂತೆ ಹಿಡಿದು, ಮಗುಚಿ, ತನ್ನ ಕೈಯ ಕೆಳಗೆ ಇಟ್ಟುಕೊಂಡು ಎಳೆದಳು. ನಿಧಾನವಾಗಿ, ಎಲ್ಲೂ ಅವಸರವಿಲ್ಲದೆ ಬಂದು ಒಂದು ಕಡೆ ನಿಲ್ಲಿಸಿದಳು. ನನ್ನ ಚರ್ಮದ ಕೆಳಗೆ ಏನೋ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಅವಳ ಬೆರಳುಗಳು ಮಾತ್ರ ಅಲ್ಲಿಂದ ಕದಲಲಿಲ್ಲ.

“ಇಲ್ಲೀಗಂಟ ನಿಮ್ಮ ನಾಯ್ನ” ಎಂದಳು. “ಇಲ್ಲಿಂದ ನಾನು.”